ಮೂರ್ಛೆಮುಕ್ತ ಪಟ್ಟಣ

ನಮ್ಮ ಊರಿನಲ್ಲಿ ಮೂರ್ಛೆ ಹೇಳಿದ ಮಾತು ಕೇಳುತ್ತದೆ. ಮಕ್ಕಳು ಕೇಳುವುದಿಲ್ಲ, ಎಮ್ಮೆಗಳು ಕೇಳುವುದಿಲ್ಲ, ಪುರಸಭೆಯ ನಲ್ಲಿಯಂತೂ ಇಂದಿನವರೆಗೆ ಯಾರ ಮಾತನ್ನೂ ಕೇಳಿದ್ದಿಲ್ಲ; ಮೂರ್ಛೆ ಮಾತ್ರ ಕೇಳುತ್ತದೆ. ನಾಲಿಗೆಯ ಮೇಲೆ ಕಬ್ಬಿಣದ ರುಚಿ ಹತ್ತಿ, ಎಡಗೈಯ ಹೆಬ್ಬೆರಳು ತಾನಾಗಿ ಕುಣಿಯತೊಡಗಿತೆಂದರೆ ಅದು ಹೊಸ್ತಿಲಿಗೆ ಬಂದು ನಿಂತಿದೆ ಎಂದು ಅರ್ಥ. ಆಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮರ್ಯಾದೆಯಿಂದ, 'ಈಗ ಬಿಡುವಿಲ್ಲ, ಭಾನುವಾರ ಬಾ' ಎಂದರೆ ಸಾಕು, ಹೋಗುತ್ತದೆ. ಭಾನುವಾರ ತಪ್ಪದೆ ಬರುತ್ತದೆ. ಆ ಭಾನುವಾರವೂ ಬಿಡುವಾಗದಿದ್ದರೆ ಮುಂದಿನ ಭಾನುವಾರಕ್ಕೆ ತಳ್ಳಬಹುದು. ಆದರೆ ಹೇಳಿದ ದಿನಕ್ಕಿಂತ ಮುಂಚೆ ಬಾ ಎಂದು ಎಷ್ಟು ಗೋಗರೆದರೂ ಅದು ಬರುವುದಿಲ್ಲ. ಇನ್ನೊಂದು ಮಾತು: ಹೋಗುವಾಗ ಒಂಟಿಯಾಗಿ ಹೋದದ್ದು ಬರುವಾಗ ನೆಂಟರನ್ನು ಕಟ್ಟಿಕೊಂಡು ಬರುತ್ತದೆ. ಎರಡು ಭಾನುವಾರ ತಳ್ಳಿದವರಿಗೆ ಒಂದರ ಬೆನ್ನಿಗೆ ಒಂದು ಮೂರು ಸಲ, ಮೂರು ತಳ್ಳಿದವರಿಗೆ ನಾಲ್ಕು ಸಲ. ಐದು ಭಾನುವಾರ ತಳ್ಳಿದವನು ನಮ್ಮ ಊರಿನ ನೆನಪಿನಲ್ಲಿ ಒಬ್ಬನೇ ಇದ್ದಾನೆ, ಬ್ಯಾಂಡ್‌ಸೆಟ್ಟಿನ ಕೊಟ್ರೇಶಿ. ಮದುವೆಯ ಸೀಸನ್ನು ಮುಗಿಯಲಿ ಎಂದು ಕಾದ. ಆರನೆಯ ಭಾನುವಾರ ಮಲಗಿದವನು ಏಳಲಿಲ್ಲ.

ಅವನ ಹೆಸರನ್ನು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದವಳು ನಾನೇ. ತುರ್ತು ವಿಭಾಗದ ಬಾಗಿಲ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಹೆಸರು, ವಯಸ್ಸು, ಬಂದ ಹೊತ್ತು, ಮೂರ್ಛೆ ಶುರುವಾದ ಹೊತ್ತು, ನಿಂತ ಹೊತ್ತು, ಮನೆಗೆ ಹೋದ ಹೊತ್ತು. ನನಗೆ ಮೊದಲಿನಿಂದಲೂ ಎಲ್ಲದಕ್ಕೂ ದಿಗಿಲು. ಗ್ಯಾಸ್ ಆರಿಸಿದ್ದೇನೆಯೇ ಎಂದು ಬೀದಿಯ ಕೊನೆಯಿಂದ ಹಿಂದಿರುಗುವ ಜಾತಿ. ಗಡಿಯಾರ ನೋಡಿ ನಿಮಿಷ ಸಮೇತ ಬರೆಯುವ ಕೆಲಸ ನನ್ನಂಥವಳಿಗೆ ಹೇಳಿಮಾಡಿಸಿದ್ದು.

ಸೋಮವಾರದಿಂದ ಶನಿವಾರದವರೆಗೆ ನಮ್ಮ ತುರ್ತು ವಿಭಾಗದಲ್ಲಿ ನೊಣ ಹೊಡೆಯಬೇಕು. ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು ಗಂಡಸರ ಹೊತ್ತು. ಇಡ್ಲಿ ತಿಂದು ಪೇಪರು ಓದಿ, ಊಟಕ್ಕೆ ಮುಂಚೆ ಮುಗಿಸಿಕೊಂಡು ಹೋಗಲು ಬರುವವರು. ಮೂರರಿಂದ ನಾಲ್ಕೂವರೆ ಹೆಂಗಸರದು. ಎಲ್ಲರಿಗೂ ಬಡಿಸಿ, ತಾವೂ ಉಂಡು, ಪಾತ್ರೆ ಬೋರಲು ಹಾಕಿ ಬಂದು, ಸಂಜೆಯ ಕಾಫಿಗೆ ವಾಪಸಾಗಬೇಕಾದವರು. ಮೇಷ್ಟರುಗಳು ದಸರೆ ರಜೆಯ ಮೊದಲ ಭಾನುವಾರ ಗುಂಪಾಗಿ ಬರುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರಿಗೆ ಪರೀಕ್ಷೆ ಮುಗಿದ ಮಾರನೆಯ ಭಾನುವಾರ. ಚಾಪೆ ನಾವೇ ಹಾಸಿರುತ್ತೇವೆ, ದಿಂಬು ಅವರೇ ತರಬೇಕು.

"ಏನೇ ಸಾವಿತ್ರಿ, ಈ ಸಲ ಎಷ್ಟು?"

"ಒಂದೇ ಕಣಕ್ಕ. ಹೋದ ವಾರ ನಾದಿನಿ ಸೀಮಂತ ಇದ್ರೂ ಬಿಡದೆ ಬಂದು ಮುಗಿಸ್ಕೊಂಡು ಹೋಗಿದ್ದೆ."

"ಪುಣ್ಯವಂತೆ. ನಂದು ಮೂರು. ನಮ್ಮತ್ತೆ ತಮ್ಮನ ಮನೆಯೋರು ಭಾನುವಾರ ಭಾನುವಾರ ಊಟಕ್ಕೆ ಬಂದು ಕೂರ್ತಾರೆ, ಏಳಬೇಕಲ್ಲ."

ಹೀಗೆ ಮಾತಾಡುತ್ತಲೇ ಮಲಗಿ, ಮಾತಿನ ನಡುವೆ ಸೆಟೆದು, ಎದ್ದ ಮೇಲೆ ಬಿಟ್ಟ ಮಾತನ್ನು ಹುಡುಕಿಕೊಂಡು ಮುಂದುವರಿಸುತ್ತಿದ್ದರು. ರೋಸಲಿನ್ ಸಿಸ್ಟರ್ ಒಬ್ಬೊಬ್ಬರನ್ನೂ ಮಗ್ಗುಲಿಗೆ ಹೊರಳಿಸುತ್ತ, ಯಾರೋ ತುರುಕಿದ ಬೀಗದ ಕೈಯನ್ನು ಮುಷ್ಟಿಯಿಂದ ಕಿತ್ತು ಎಸೆಯುತ್ತ ಓಡಾಡುತ್ತಿದ್ದರು. "ಕಬ್ಬಿಣ ಹಿಡಿಸಿದ್ರೆ ನಿಲ್ಲೋ ಹಂಗಿದ್ರೆ ಗುಜರಿ ಅಂಗಡೀಲೇ ಆಸ್ಪತ್ರೆ ಇಡ್ತಿದ್ರು," ಎಂದು ಬೈಯುತ್ತಿದ್ದರು.

ನನ್ನ ತಂಗಿ ಕೌಸಲ್ಯ ಈ ಮೂರು ಗಂಟೆಯ ಗುಂಪಿನವಳು. ಎರಡು ಮಕ್ಕಳು, ಗಂಡ ಲಾರಿಯ ಜೊತೆ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುವವನು. ಅವಳು ಪುರಸಭೆ ಅಧ್ಯಕ್ಷ ಮುದ್ದುಕೃಷ್ಣಯ್ಯನವರ ಊದುಬತ್ತಿ ಕಾರ್ಖಾನೆಯಲ್ಲಿ ಬತ್ತಿ ಹೊಸೆಯುತ್ತಾಳೆ. ಗೌರಿಹಬ್ಬ ಹತ್ತಿರವಾದಾಗ ಕಾರ್ಖಾನೆಗೆ ಭಾನುವಾರವೂ ಬರಬೇಕೆಂದು ಹೇಳಿಕಳಿಸಿದರು. ಎರಡು ಭಾನುವಾರ ತಳ್ಳಿದಳು.

"ಈ ವಾರ ಬಂದೇ ಬರ್ತೀಯ, ನಿನ್ನ ಸಬೂಬು ನಂಗೆ ಬೇಡ," ಎಂದು ನಾನು ಅವಳ ಮನೆಗೇ ಹೋಗಿ ಗದರಿದೆ.

"ಬರ್ತೀನಿ ಮಾರಾಯ್ತಿ. ಮೂರಕ್ಕೆಲ್ಲ ಯಾರೂ ಸತ್ತಿಲ್ಲ. ನೀನು ಅಲ್ಲಿ ಕೂತ್ಕೊಂಡು ನಿಮಿಷ ಎಣಿಸ್ತಿರು, ನಾನು ಬಂದು ಬಿದ್ಕೋತೀನಿ," ಎಂದು ನಕ್ಕಳು. ಅವಳ ಹೆಬ್ಬೆರಳು ಸೆರಗಿನೊಳಗೆ ಕುಣಿಯುತ್ತಿತ್ತು.

ಅದೇ ವಾರ ಜಿಲ್ಲೆಯಿಂದ ನರಹರಿ ಎಂಬ ಅಂಕಿಅಂಶದ ಅಧಿಕಾರಿ ಬಂದರು. ಬೇರೆ ಊರುಗಳಲ್ಲಿ ಮೂರ್ಛೆಯವರು ವಾರವಿಡೀ ಆಸ್ಪತ್ರೆಗೆ ಬರುತ್ತಾರಂತೆ, ನಮ್ಮಲ್ಲಿ ಮಾತ್ರ ಹೀಗೇಕೆ ಎಂದು ಮೇಲಿನಿಂದ ಪ್ರಶ್ನೆ ಬಂದಿತ್ತು. ನರಹರಿಯವರು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಕೊಂಡು ಕೂತು, ನನ್ನ ಹನ್ನೊಂದು ವರ್ಷದ ರಿಜಿಸ್ಟರುಗಳನ್ನು ಮೂರು ದಿನದಲ್ಲಿ ಲ್ಯಾಪ್‌ಟಾಪಿಗೆ ಇಳಿಸಿದರು. ರೋಗಿಗಳನ್ನು ನೋಡುತ್ತೀರಾ ಎಂದು ರೋಸಲಿನ್ ಸಿಸ್ಟರ್ ಕೇಳಿದರೆ, "ಬೇಡಮ್ಮ, ನೋಡಿದರೆ ಅಭಿಪ್ರಾಯ ಬಂದುಬಿಡುತ್ತೆ," ಎಂದರು. ಮೂರನೆಯ ಸಂಜೆ ಅವರ ಪರದೆಯ ಮೇಲೆ ಏಳು ಕಂಬಗಳು ಮೂಡಿದವು. ಆರು ಕಂಬಗಳು ಹುಲ್ಲಿನ ಎತ್ತರ. ಏಳನೆಯದು ತೆಂಗಿನಮರ.

"ನೋಡಿ," ಎಂದರು, ಆ ಮರವನ್ನು ತಾವೇ ನೆಟ್ಟು ನೀರೆರೆದವರಂತೆ. "ರೋಗದ ಮೂಲ ಸಿಕ್ಕಿತು."

"ಯಾವುದು ಸರ್?"

"ಭಾನುವಾರ."

ನಾನು ಸಾಮಾನ್ಯವಾಗಿ ಅಧಿಕಾರಿಗಳ ಮುಂದೆ ಬಾಯಿ ಬಿಡುವವಳಲ್ಲ. ಅಂದು ಬಿಟ್ಟೆ. "ಸರ್, ಭಾನುವಾರದಿಂದ ಬರೋದಲ್ಲ ಅದು. ಜನ ವಾರವೆಲ್ಲ ತಡೆದು ಭಾನುವಾರಕ್ಕೆ ಇಟ್ಕೋತಾರೆ. ಬಿಡುವು ಅವತ್ತು ಮಾತ್ರ ಇರೋದು."

ನರಹರಿಯವರು ಕನ್ನಡಕ ತೆಗೆದು ನನ್ನನ್ನು ಕರುಣೆಯಿಂದ ನೋಡಿದರು. "ಅದು ಜನರ ನಂಬಿಕೆ ಅಮ್ಮ. ನಿಮ್ಮ ರಿಜಿಸ್ಟರಿನಲ್ಲಿ ತಡೆದದ್ದಕ್ಕೆ ಕಾಲಂ ಎಲ್ಲಿದೆ?"

ಇರಲಿಲ್ಲ. ಹನ್ನೊಂದು ವರ್ಷ ನಿಮಿಷ ಸಮೇತ ಬರೆದ ನಾನು, ಯಾರು ಎಷ್ಟು ವಾರ ತಡೆದು ಬಂದರು ಎಂದು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಯಾರಿಗೆ ಗೊತ್ತಿಲ್ಲದ ವಿಷಯ ಎಂದು ಬರೆಯಬೇಕು! ಊರಿಗೆಲ್ಲ ಗೊತ್ತಿದ್ದದ್ದು ಕಾಗದದಲ್ಲಿ ಇಲ್ಲದೆ ಹೋಯಿತು. ಕಾಗದದಲ್ಲಿ ಇಲ್ಲದ್ದು ನರಹರಿಯವರ ಪಾಲಿಗೆ ಇರಲೇ ಇಲ್ಲ.

ಪುರಸಭೆಯ ವಿಶೇಷ ಸಭೆ ಕರೆದರು. ಅಧ್ಯಕ್ಷ ಮುದ್ದುಕೃಷ್ಣಯ್ಯನವರು ತೆಂಗಿನಮರದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರಿಗೂ ಮೂರ್ಛೆ ಇದೆ ಎಂದು ಊರಿನಲ್ಲಿ ಗುಸುಗುಸು ಇತ್ತು. ಆದರೆ ಅವರು ಎಂದೂ ನಮ್ಮ ಚಾಪೆಯ ಮೇಲೆ ಮಲಗಿದವರಲ್ಲ, ಭಾನುವಾರ ಮಧ್ಯಾಹ್ನ ಅವರ ಮನೆಯ ಕಿಟಕಿಗಳು ಮುಚ್ಚಿರುತ್ತಿದ್ದವು, ಅಷ್ಟೆ. "ಜನರ ಆರೋಗ್ಯಕ್ಕಿಂತ ರಜ ದೊಡ್ಡದೇನ್ರೀ?" ಎಂದು ಅವರು ಗದ್ಗದಿತರಾದರು. "ನಮ್ಮ ಕಾರ್ಖಾನೆಯ ಹೆಣ್ಣುಮಕ್ಕಳು ಭಾನುವಾರ ಭಾನುವಾರ ಬಿದ್ದು ಒದ್ದಾಡೋದನ್ನ ನಾನು ಇನ್ನು ನೋಡಲಾರೆ." ಭಾನುವಾರವನ್ನು ಪ್ರಾಯೋಗಿಕವಾಗಿ ಮೂರು ತಿಂಗಳು ರದ್ದು ಮಾಡುವ ಗೊತ್ತುವಳಿ ಚಪ್ಪಾಳೆಯೊಂದಿಗೆ ಪಾಸಾಯಿತು.

ನಮ್ಮ ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಪುರಸಭೆಯ ಮೈಕು ಇವತ್ತು ಯಾವ ವಾರ ಎಂದು ಹೇಳುತ್ತದೆ, ಊರು ಅದನ್ನು ಕೇಳಿಕೊಂಡು ಏಳುತ್ತದೆ. ಶನಿವಾರದ ಮಾರನೆಯ ಬೆಳಿಗ್ಗೆ ಅದು, "ನಾಗರಿಕರೇ, ಇಂದು ಸೋಮವಾರ," ಎಂದಿತು. ಜನ ಎದ್ದು ಕೆಲಸಕ್ಕೆ ಹೋದರು. ಅದರ ಮಾರನೆಯ ದಿನವೂ ಮೈಕು ಸೋಮವಾರ ಎಂದೇ ಹೇಳಿತು; ಇನ್ನು ವಾರಕ್ಕೆ ಎರಡು ಸೋಮವಾರ, ಒಂದು ಸುಳ್ಳು, ಒಂದು ನಿಜ. ಪುರಸಭೆಯ ಜವಾನರು ಮನೆಮನೆಗೆ ಬಂದು ಕ್ಯಾಲೆಂಡರಿನ ಕೆಂಪು ಅಂಕಿಗಳ ಮೇಲೆ ಬಿಳಿ ಕಾಗದದ ಚೂರು ಅಂಟಿಸಿದರು. ದೊಡ್ಡ ಗಲಾಟೆಯೇನೂ ಆಗಲಿಲ್ಲ. "ಹೋದ್ರೆ ಹೋಗ್ಲಿ ಬಿಡಿ, ಭಾನುವಾರ ಅಂದ್ರೆ ನಮಗೆ ಎರಡು ಸಲ ಅಡಿಗೆ, ನಾಲ್ಕು ತಲೆಗೆ ಎಣ್ಣೆನೀರು. ಅಷ್ಟು ಉಳೀತು," ಎಂದರು ಹೆಂಗಸರು. ಗಂಡಸರು ಒಂದೆರಡು ದಿನ ಕಟಿಂಗ್ ಶಾಪಿನಲ್ಲಿ ಗೊಣಗಿದರು. ಆಮೇಲೆ ಶಾಪಿನ ಮಂಜುನಾಥನೇ ಬಾಗಿಲು ಹಾಕಿದ; ಅವನ ಹೆಬ್ಬೆರಳು ಕುಣಿಯತೊಡಗಿತ್ತು, ಆ ಕೈಗೆ ಗಲ್ಲ ಒಡ್ಡುವ ಧೈರ್ಯ ಯಾರಿಗೂ ಇರಲಿಲ್ಲ.

ಯಾಕೆಂದರೆ ಮೂರ್ಛೆ ಮಾತಿಗೆ ತಪ್ಪುವಂಥದ್ದಲ್ಲ. ಭಾನುವಾರ ಬಾ ಎಂದಿದ್ದರು, ಭಾನುವಾರ ಬರಲಿಲ್ಲ, ಅದೂ ಬರಲಿಲ್ಲ. ಎಲ್ಲರ ಬಾಗಿಲಲ್ಲೂ ನಿಂತು ಕಾಯುತ್ತಿತ್ತು. ಊರಿನ ಅರ್ಧ ಜನರ ಬಾಯಲ್ಲಿ ಕಬ್ಬಿಣದ ರುಚಿ. ಸಾರಿಗೆ ಉಪ್ಪು ಹಾಕಿದ್ದು ಗೊತ್ತಾಗದೆ ಎರಡು ಸಲ ಹಾಕಿದರು. ಮೇಷ್ಟರುಗಳು ಬೋರ್ಡಿನ ಮೇಲೆ ಎಳೆದ ನೇರಗೆರೆ ಹಾವಿನಂತೆ ಹೋಯಿತು. ಕಾರ್ಖಾನೆಯಲ್ಲಿ ಊದುಬತ್ತಿ ಗಂಟುಗಂಟಾಗಿ ಬಂದವು. ಮುದ್ದುಕೃಷ್ಣಯ್ಯನವರು ಅವಕ್ಕೆ 'ಕೈಕೆಲಸದ ಸೊಗಡು' ಎಂಬ ಹೊಸ ಚೀಟಿ ಅಂಟಿಸಿ ಕಳಿಸಿದರು.

ಮತ್ತು ನನ್ನ ರಿಜಿಸ್ಟರಿನಲ್ಲಿ ಸೊನ್ನೆ. ನರಹರಿಯವರು ಜಿಲ್ಲೆಯಿಂದಲೇ ದಿನಾ ಫೋನು ಮಾಡಿ ಸೊನ್ನೆಯನ್ನು ಬರೆದುಕೊಳ್ಳುತ್ತಿದ್ದರು. "ಇನ್ನೂ ಸೊನ್ನೇನಾ? ಭೇಷ್." ವಾರ ಮುಗಿಯುವುದರೊಳಗೆ ಒಂದು ಆದೇಶ ಬಂತು: ಪ್ರಕರಣಗಳೇ ಇಲ್ಲದ ಊರಿನಲ್ಲಿ ಮೂರ್ಛೆಯ ಇಂಜೆಕ್ಷನ್ ದಾಸ್ತಾನು ಅನಗತ್ಯ, ಕೂಡಲೇ ವಾಪಸು ಕಳಿಸತಕ್ಕದ್ದು. ಡಬ್ಬಗಳನ್ನು ಜೀಪಿಗೆ ತುಂಬಿದರು. ರೋಸಲಿನ್ ಸಿಸ್ಟರ್ ಹತ್ತಿಯ ಡಬ್ಬದ ತಳದಲ್ಲಿ ನಾಲ್ಕನ್ನು ಅಡಗಿಸಿ, "ಒಡೆದು ಹೋಯ್ತು ಅಂತ ಬರೀರಿ ವಾರಿಜಾ," ಎಂದರು. ನಾನು ಬರೆದೆ. ಹನ್ನೊಂದು ವರ್ಷದಲ್ಲಿ ಬರೆದ ಮೊದಲ ಸುಳ್ಳು.

ಕೌಸಲ್ಯ ಅಷ್ಟರಲ್ಲಿ ಭಾನುವಾರಗಳ ಲೆಕ್ಕ ಹಾಕುತ್ತ ಕೃಶಳಾಗುತ್ತಿದ್ದಳು. ತಾನು ತಳ್ಳಿದ್ದು ಎರಡು, ಪುರಸಭೆ ತಳ್ಳಿದ್ದು ಒಂದು. ಮುಂದಿನದೂ ಹೋದರೆ ನಾಲ್ಕು. ಅದರ ಮುಂದಿನದೂ ಹೋದರೆ ಕೊಟ್ರೇಶಿಯ ಐದು. ನಾನು ಅಧ್ಯಕ್ಷರ ಮನೆಗೆ ಹೋದೆ. ನನ್ನ ತಂಗಿಯೊಬ್ಬಳಿಗೆ, ಒಂದೇ ಒಂದು ಭಾನುವಾರ, ಸದ್ದಿಲ್ಲದೆ ಬೇಕಾದರೂ ಸರಿ, ಕೊಡಿಸಿ ಎಂದು ಕೇಳಿದೆ.

ಅವರು ಎಡಗೈಯನ್ನು ಶಾಲಿನೊಳಗೆ ಇಟ್ಟುಕೊಂಡೇ ಮಾತಾಡಿದರು. "ಓದಿದೋಳು ನೀನು, ಯೋಚನೆ ಮಾಡಮ್ಮ. ಒಬ್ಬಳಿಗೆ ಕೊಟ್ರೆ ಎಲ್ರೂ ಕೇಳ್ತಾರೆ. ಆಮೇಲೆ ಪ್ರಯೋಗದ ಗತಿ ಏನು?"

"ಅವಳ ಗತಿ ಏನು ಸ್ವಾಮಿ?"

"ಅವಳಿಗೆ ಏನಾಗಿದೆ? ಮೂರು ವಾರದಿಂದ ಒಂದು ಸಲಾನೂ ಬಿದ್ದಿಲ್ಲ. ಗುಣ ಆಗಿದಾಳೆ, ಸಂತೋಷಪಡು."

ರೋಸಲಿನ್ ಸಿಸ್ಟರ್ ಒಂದು ದಾರಿ ಹೇಳಿದರು. ಅವರು ಪ್ರಾರ್ಥನೆಗೆಂದು ಬಸ್ಸಿನಲ್ಲಿ ಪಕ್ಕದ ಊರಿನ ಚರ್ಚಿಗೆ ಹೋಗಿ ಬರುತ್ತಿದ್ದರು. "ಅಲ್ಲಿ ಇನ್ನೂ ಭಾನುವಾರ ಇದೆ ಕಣ್ರೀ. ಕರ್ಕೊಂಡು ಹೋಗಿ ನೋಡಿ." ಎರಡನೆಯ ಸುಳ್ಳು ಸೋಮವಾರದಂದು ನಾನು ರಜ ಹಾಕಿ, ಕೌಸಲ್ಯಳಿಗೆ ಹೊಟ್ಟೆನೋವು ಎಂದು ಕಾರ್ಖಾನೆಗೆ ಚೀಟಿ ಕಳಿಸಿ, ಬಸ್ಸು ಹತ್ತಿಸಿದೆ. ಪಕ್ಕದ ಊರಿನಲ್ಲಿ ನಿಜಕ್ಕೂ ಭಾನುವಾರವಿತ್ತು. ಅಂಗಡಿಗಳು ಮುಚ್ಚಿದ್ದವು, ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಮನೆಗಳಿಂದ ಮಸಾಲೆ ಅರೆಯುವ ವಾಸನೆ. ಕೌಸಲ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲವನ್ನೂ ಬಾಯಿ ತೆರೆದು ನೋಡಿದಳು, ಸರ್ಕಸ್ಸಿಗೆ ಬಂದವಳಂತೆ.

ಅಲ್ಲಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಳೆಯ ಡಾಕ್ಟರೊಬ್ಬ ಇದ್ದ. "ಏನು ತೊಂದರೆ?"

"ಮೂರ್ಛೆ."

"ಯಾವಾಗ ಬಂತು?"

"ಇನ್ನು ಬರಬೇಕು."

ಅವನು ನಮ್ಮಿಬ್ಬರ ಮುಖವನ್ನೂ ನೋಡಿದ. "ಬಂದ ಮೇಲೆ ಬನ್ನಿ," ಎಂದ. ಆದರೂ ಪಾಪ, ಹೊರಗಿನ ಬೆಂಚಿನಲ್ಲಿ ಮಲಗಲು ಬಿಟ್ಟ. ಸಂಜೆ ಐದರವರೆಗೆ ಕೌಸಲ್ಯ ಕಣ್ಣು ಮುಚ್ಚಿ ಮಲಗಿ, ಮುಷ್ಟಿ ಬಿಚ್ಚಿ, "ಬಾ, ಬಾ," ಎಂದು ಕರೆದಳು. ಹೆಬ್ಬೆರಳು ಕೂಡ ಅಲುಗಲಿಲ್ಲ. ಎಷ್ಟು ಆರೋಗ್ಯವಾಗಿದ್ದಳೆಂದರೆ ಕ್ಯಾಂಟೀನಿನಲ್ಲಿ ಎರಡು ವಡೆ ತಿಂದಳು, ಉಪ್ಪು ಸರಿಯಾಗಿದೆ ಎಂದು ಹೊಗಳಿದಳು. ವಾಪಸು ಬರುವಾಗ ಬಸ್ಸು ನಮ್ಮ ಊರಿನ ಗಡಿಕಲ್ಲು ದಾಟಿತು. ನನ್ನ ಮಡಿಲಲ್ಲಿದ್ದ ಅವಳ ಕೈ ಹಿಡಿತ ಬಿಗಿಯಾಯಿತು, ಹೆಬ್ಬೆರಳು ಮೀನಿನಂತೆ ಮಿಡುಕಿತು. ಅದು ಇಡೀ ದಿನ ಆ ಕಲ್ಲಿನ ಪಕ್ಕದಲ್ಲಿ ನಾಯಿಯ ಹಾಗೆ ಕಾಯುತ್ತ ಕೂತಿತ್ತು.

"ಅಕ್ಕ," ಎಂದಳು ಕೌಸಲ್ಯ, ಕಿಟಕಿಯ ಕಡೆ ಮುಖ ಮಾಡಿ. "ಮಕ್ಕಳನ್ನ ನೀನು ಇಟ್ಕೋ. ಅವರಪ್ಪನ ಜೊತೆ ಲಾರೀಲಿ ಕಳಿಸ್ಬೇಡ."

ನಾನು ಬಾಯಿಗೆ ಬಂದಂತೆ ಬೈದೆ. ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯಲ್ಲಿ ನೀರು ಬರಲಿಲ್ಲವಾದ್ದರಿಂದ ಪಕ್ಕದ ಮನೆಯವರಿಗೆಲ್ಲ ಕೇಳಿಸಿತು.

ಆ ವಾರವೇ ನಮ್ಮ ಊರನ್ನು ಮೂರ್ಛೆಮುಕ್ತ ಪಟ್ಟಣ ಎಂದು ಘೋಷಿಸುವ ಸಮಾರಂಭ ಗೊತ್ತಾಯಿತು. ಮೂರು ತಿಂಗಳ ಪ್ರಯೋಗ ಎರಡೇ ವಾರದಲ್ಲಿ ಇಷ್ಟು ಚೆನ್ನಾಗಿ ಫಲಿಸಿದ ಮೇಲೆ ಕಾಯುವುದೇಕೆ? ಪ್ರೌಢಶಾಲೆಯ ಮೈದಾನದಲ್ಲಿ ಶಾಮಿಯಾನ, ಮಧ್ಯಾಹ್ನ ಸಾರ್ವಜನಿಕ ಊಟ, ಎಲ್ಲರೂ ಕಡ್ಡಾಯವಾಗಿ ಬರಬೇಕು. ನರಹರಿಯವರಿಗೆ ಸನ್ಮಾನ. ಮುಖ್ಯ ಅತಿಥಿಗಳು ಜಿಲ್ಲೆಯ ಹಿರಿಯ ಅಧಿಕಾರಿಗಳು. ಅವರಿಗೆ ವಾರದ ದಿನಗಳಲ್ಲಿ ಪುರುಸೊತ್ತಿಲ್ಲ, ಭಾನುವಾರವಾದರೆ ಮಾತ್ರ ಬರುತ್ತೇನೆ ಎಂದಿದ್ದರು. ಹಾಗಾಗಿ ಅವರ ಭಾನುವಾರದಂದು, ಎಂದರೆ ನಮ್ಮ ಸೋಮವಾರದಂದು, ಮುಹೂರ್ತ. ವಂದನಾರ್ಪಣೆ ನನ್ನದು. ನಮ್ಮ ಊರಿನಲ್ಲಿ ವಂದನಾರ್ಪಣೆಯನ್ನು ಯಾವಾಗಲೂ ಓದಿದ ಹೆಂಗಸಿಗೆ ಕೊಡುತ್ತಾರೆ. ಅಷ್ಟು ಹೊತ್ತಿಗೆ ಯಾರೂ ಕೇಳುತ್ತಿರುವುದಿಲ್ಲ.

ನಾನು ಬರೆದುಕೊಂಡು ಹೋದದ್ದನ್ನು ಅಧ್ಯಕ್ಷರು ಓದಿ ನೋಡಿದರು. 'ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟ ಮುಖ್ಯ ಅತಿಥಿಗಳಿಗೆ' ಎಂಬಲ್ಲಿ ತಲೆದೂಗಿ, "ಭಾಷೆ ಚೆನ್ನಾಗಿದೆಯಮ್ಮ ನಿಂದು," ಎಂದರು. ಅವರು ಆ ಸಾಲನ್ನು ಓದುವಾಗ ನನಗೊಂದು ಉಪಾಯ ಹೊಳೆಯಿತು.

ಮೂರು ದಿನ ನಿದ್ದೆ ಬರಲಿಲ್ಲ. ರಿಜಿಸ್ಟರು ತೆಗೆದು ಹೆಸರು ಹೆಸರಿಗೂ ಯೋಚಿಸಿದೆ: ಆ ಹೊತ್ತಿಗೆ ಇವರು ಎಲ್ಲಿರುತ್ತಾರೆ, ಏನು ಹಿಡಿದಿರುತ್ತಾರೆ? ಆಟೋದವರು ಆಟೋ ನಿಲ್ಲಿಸಿ ಒಳಗೆ ಕೂತಿರುತ್ತಾರೆ. ಅಂಗಡಿಗಳು ಮುಚ್ಚಿರುತ್ತವೆ. ಊಟ ಸಮಾರಂಭದಲ್ಲೇ ಆದ್ದರಿಂದ ಊರಿನ ಒಲೆಗಳೆಲ್ಲ ಆರಿರುತ್ತವೆ. ಅಡಿಗೆಯವರು ಪಕ್ಕದ ಊರಿನವರು, ಅವರಿಗೆ ನಮ್ಮ ಗೋಜಿಲ್ಲ. ಹೆಂಗಸರು ಹೇಗೂ ಕೆಳಗೆ ಜಮಖಾನದ ಮೇಲೆ. ಗಂಡಸರಿಗೆ ಕುರ್ಚಿ. 'ಬಾಡಿಗೆ ಕುರ್ಚಿ ಸಿಗಲಿಲ್ಲ' ಎಂದು ಶಾಮಿಯಾನದವನ ಹತ್ತಿರ ಹೇಳಿಸಿ ಅವರನ್ನೂ ಕೆಳಗೆ ಕೂರಿಸಿದೆ. ವೇದಿಕೆಯ ಕುರ್ಚಿಗಳನ್ನು ಮಾತ್ರ ತಪ್ಪಿಸಲಾಗಲಿಲ್ಲ. ಮಡಿಲ ಮಕ್ಕಳಿಗಾಗಿ ಹಿಂದಿನ ಶಾಮಿಯಾನದಲ್ಲಿ ಬಲೂನಿನ ಏರ್ಪಾಡು. ಕಾಲೇಜಿನ ಇಪ್ಪತ್ತು ಹುಡುಗಿಯರಿಗೆ ಸ್ವಯಂಸೇವಕಿಯರ ಬಿಲ್ಲೆ ಚುಚ್ಚಿ, ಬಿದ್ದವರನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆಂದು ರೋಸಲಿನ್ ಸಿಸ್ಟರ್ ಗುಟ್ಟಾಗಿ ಕಲಿಸಿದರು.

"ಆಮೇಲೆ ನಿಮ್ಮನ್ನ ಕೆಲಸದಿಂದ ತೆಗೀತಾರೆ ವಾರಿಜಾ," ಎಂದರು ಅವರು.

"ಗೊತ್ತು ಸಿಸ್ಟರ್."

"ನನ್ನೂ ತೆಗೀತಾರೆ."

"ಗೊತ್ತು."

"ಸರಿ ಹಾಗಾದ್ರೆ. ಆ ನಾಲ್ಕು ಇಂಜೆಕ್ಷನ್ನು ನನ್ನ ಕೈಚೀಲದಲ್ಲಿರುತ್ತೆ."

ಸಮಾರಂಭ ಹತ್ತೂವರೆಗೆ ಎಂದು ಹನ್ನೊಂದೂವರೆಗೆ ಶುರುವಾಯಿತು. ನರಹರಿಯವರಿಗೆ ಪೇಟ ತೊಡಿಸಿದರು. ಅವರು ಪರದೆಯ ಮೇಲೆ ಮೊದಲು ಏಳು ಕಂಬದ ಚಿತ್ರ ತೋರಿಸಿ, ಆಮೇಲೆ ಆರು ಕಂಬದ ಚಿತ್ರ ತೋರಿಸಿದರು. ಎರಡನೆಯದರಲ್ಲಿ ಕಂಬಗಳೇ ಕಾಣುತ್ತಿರಲಿಲ್ಲ, ಬರೀ ನೆಲ. ಚಪ್ಪಾಳೆ ಬಿತ್ತು, ನೂರಾರು ಹೆಬ್ಬೆರಳುಗಳು ಕುಣಿಯುತ್ತಿದ್ದರಿಂದ ಆ ಚಪ್ಪಾಳೆ ತಾಳ ತಪ್ಪಿ, ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳಿಸಿತು. ಮುಖ್ಯ ಅತಿಥಿಗಳು, "ಎಂಥ ಉತ್ಸಾಹ!" ಎಂದರು. ಅಧ್ಯಕ್ಷರು ಎಡಗೈಯನ್ನು ಶಾಲಿನಿಂದ ತೆಗೆಯದೆ ನಲವತ್ತು ನಿಮಿಷ ಮಾತಾಡಿ, ಮುಂದಿನ ಹಂತದಲ್ಲಿ ಎರಡನೇ ಶನಿವಾರವನ್ನೂ ಪರಿಶೀಲಿಸಲಾಗುವುದು ಎಂದರು. ಕೌಸಲ್ಯ ಜಮಖಾನದ ಮೊದಲ ಸಾಲಿನಲ್ಲಿ ಗೋಡೆಯಷ್ಟು ಬೆಳ್ಳಗೆ ಕೂತಿದ್ದಳು. ಅವಳ ಹಿಂದೆ ರೋಸಲಿನ್ ಸಿಸ್ಟರ್, ತೊಡೆಯ ಮೇಲೆ ಕೈಚೀಲ.

ನನ್ನ ಹೆಸರು ಕರೆದಾಗ ಜನ ಊಟದ ಶಾಮಿಯಾನದ ಕಡೆ ನೋಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ವಾರ ಹೇಳುವ ಅದೇ ಪುರಸಭೆಯ ಮೈಕಿನ ಮುಂದೆ ನಿಂತು ಶಾಮಿಯಾನದವರಿಗೆ, ಅಡಿಗೆಯವರಿಗೆ, ಧ್ವನಿವರ್ಧಕದವರಿಗೆ ವಂದನೆ ಹೇಳಿದೆ. ಒಂದು ಸಲ ಎಲ್ಲರನ್ನೂ ನೋಡಿದೆ. ಯಾರ ಕೈಯಲ್ಲೂ ಚಾಕು ಇರಲಿಲ್ಲ, ಮಗು ಇರಲಿಲ್ಲ.

"ಕೊನೆಯದಾಗಿ," ಎಂದೆ, "ತಮ್ಮ ಅಮೂಲ್ಯ ಭಾನುವಾರವನ್ನು ನಮಗಾಗಿ ಮೀಸಲಿಟ್ಟು, ಈ ದಿನ, ಈ ಭಾನುವಾರದಂದು, ಇಲ್ಲಿಗೆ ದಯಮಾಡಿಸಿದ ಮುಖ್ಯ ಅತಿಥಿಗಳಿಗೆ ಅನಂತ ವಂದನೆಗಳು."

ಮೊದಲು ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಒಬ್ಬರಲ್ಲ, ಇಡೀ ಮೈದಾನ. ಆಮೇಲೆ ಜಮಖಾನ ಗಾಳಿಗೆ ಸಿಕ್ಕ ಪೈರಿನಂತೆ ಒಂದು ಕಡೆಗೆ ವಾಲಿತು. ಮೇಷ್ಟರುಗಳು ಸಾಲಾಗಿ, ಆಟೋದವರು ಸಾಲಾಗಿ, ಮಂಜುನಾಥ, ಸಾವಿತ್ರಿ. ವೇದಿಕೆಯ ಮೇಲೆ ಅಧ್ಯಕ್ಷರ ಶಾಲು ಜಾರಿತು, ಎಡಗೈ ಎಲ್ಲರಿಗೂ ಕಾಣುವಂತೆ ಮೇಲೆದ್ದಿತು, ಅವರು ಮುಖ್ಯ ಅತಿಥಿಗಳ ಮಡಿಲಿಗೇ ಒರಗಿದರು. ಪೇಟ ತೊಟ್ಟ ನರಹರಿಯವರು ಮೇಜಿನ ಕೆಳಗೆ ಹೊಕ್ಕರು. ಅವರಿಗೆ ಮೂರ್ಛೆಯಿಲ್ಲ, ಮೂರ್ಛೆಯವರನ್ನು ನೋಡಿದ್ದು ಮಾತ್ರ ಅದೇ ಮೊದಲು. ಹುಡುಗಿಯರು ಓಡಿದರು. ನಾನು ವೇದಿಕೆಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ, ಕೌಸಲ್ಯಳ ತಲೆ ನನ್ನ ಕೈಯಲ್ಲಿತ್ತು.

ಒಂದು ಮುಗಿಯಿತು. ಎರಡು. ಮೂರನೆಯದಕ್ಕೆ ಊರಿನ ಬಹಳಷ್ಟು ಜನ ಮುಗಿಸಿ ಮಂಪರಿಗೆ ಜಾರಿದರು. ಕೌಸಲ್ಯಳಿಗೆ ನಾಲ್ಕನೆಯದು ಬಂದಾಗ ತುಟಿ ನೀಲಿಯಾಗಿತ್ತು. ರೋಸಲಿನ್ ಸಿಸ್ಟರ್ ಮೊದಲ ಇಂಜೆಕ್ಷನ್ ಕೊಟ್ಟರು, ಆಮೇಲೆ ಎರಡನೆಯದು. ಅಷ್ಟರಲ್ಲಿ ಕಾರ್ಖಾನೆಯ ಮೇಲ್ವಿಚಾರಕ ಓಡಿ ಬಂದು, "ಸಿಸ್ಟರ್, ಅಧ್ಯಕ್ಷರಿಗೆ ಮೊದಲು ಕೊಡಿ! ಅವರಿಗೆ ಮೂರನೇದು!" ಎಂದು ಕೂಗಿದ.

"ಅವರಿಗೆ ಮೂರೇ ಇರೋದು, ತಾನಾಗಿ ನಿಲ್ಲುತ್ತೆ. ಇವಳಿಗೆ ಐದಿದೆ. ತಲೆ ಕೆಳಗೆ ಏನಾದ್ರೂ ಮೆತ್ತಗೆ ಇಡಿ, ನರಹರಿ ಸಾಹೇಬರ ಪೇಟ ಇದೆಯಲ್ಲ," ಎಂದರು ಸಿಸ್ಟರ್, ತಲೆಯೆತ್ತದೆ.

ಐದನೆಯದು ಏಳು ನಿಮಿಷ ನಡೆಯಿತು. ಗಡಿಯಾರ ನೋಡಿದ್ದೆನೆಂದು ನನಗೆ ಆಮೇಲೆ ನಾಚಿಕೆಯಾಯಿತು. ಮೂರನೆಯ ಇಂಜೆಕ್ಷನ್ನೂ ಮುಗಿದು ನಾಲ್ಕನೆಯದರ ತಲೆ ಮುರಿಯುವಾಗ ಅವಳ ಮೈ ಸಡಿಲವಾಯಿತು. ಸತ್ತಳೋ ನಿದ್ದೆಯೋ ಗೊತ್ತಾಗಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದೆ. ಉಸಿರಿತ್ತು.

ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಿ ಸಾಲಾಗಿ ಮಲಗಿಸಿದೆವು. ಜಾಗ ಸಾಲದೆ ಅಧ್ಯಕ್ಷರು ಕೌಸಲ್ಯಳ ಕಾಲ ದೆಸೆಯಲ್ಲೇ ಚಾಪೆಯ ಮೇಲೆ ಬಿದ್ದರು. ಮುಖ್ಯ ಅತಿಥಿಗಳು ಊಟ ಮಾಡದೆ ಕಾರು ಹತ್ತಿದರು. ನರಹರಿಯವರು ಹೋಗುವ ಮುಂಚೆ ನನ್ನ ಮೇಜಿನ ಬಳಿ ಬಂದು, ಸಾಮೂಹಿಕ ಪ್ರಕರಣ ಶುರುವಾದ ಹೊತ್ತು ಬರೆದುಕೊಂಡರು. "ಹನ್ನೆರಡು ಐವತ್ತೆರಡು. ಆಗ ಕಾರ್ಯಕ್ರಮದಲ್ಲಿ ಏನು ನಡೀತಿತ್ತು?"

"ವಂದನಾರ್ಪಣೆ ಸರ್."

"ಹಾಂ," ಎಂದು ಅವರು ಅದರ ಕೆಳಗೆ ಎರಡು ಗೆರೆ ಎಳೆದರು. ಮುಂದೆ ಜಿಲ್ಲೆಯಲ್ಲಿ ವಂದನಾರ್ಪಣೆಯನ್ನು ನಿಷೇಧಿಸಿದ್ದು ಹೀಗೆ.

ಮೂರ್ಛೆಯಿಂದ ಎದ್ದವರಿಗೆ ಪ್ರಜ್ಞೆ ಪೂರ್ತಿ ಬಂದಿದೆಯೇ ಎಂದು ತಿಳಿಯಲು ಸಿಸ್ಟರ್ ಮೂರು ಪ್ರಶ್ನೆ ಕೇಳುತ್ತಾರೆ: ನಿಮ್ಮ ಹೆಸರೇನು, ಎಲ್ಲಿದ್ದೀರಿ, ಇವತ್ತು ಯಾವ ವಾರ. ಮೂರಕ್ಕೂ ಸರಿಯಾಗಿ ಉತ್ತರಿಸಿದವರನ್ನು ಮಾತ್ರ ಮನೆಗೆ ಬಿಡುತ್ತಾರೆ. ಸಂಜೆ ಐದರ ಹೊತ್ತಿಗೆ ಅವರು ಚೀಟಿ ಹಿಡಿದು ಚಾಪೆಯಿಂದ ಚಾಪೆಗೆ ಹೊರಟರು. ಭಾನುವಾರ, ಭಾನುವಾರ, ಎಂದು ಮೇಷ್ಟರುಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಅಧ್ಯಕ್ಷರು ಕಣ್ಣು ತೆರೆದು ಹೆಸರು ಹೇಳಿದರು, ಆಸ್ಪತ್ರೆ ಎಂದರು.

"ಇವತ್ತು ಯಾವ ವಾರ ಸರ್?"

ಅವರು ಸುತ್ತ ನೋಡಿದರು. ಊರಿನ ಜನರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. "ಸೋಮವಾರ," ಎಂದರು.

ಸಿಸ್ಟರ್ ಚೀಟಿಯಲ್ಲಿ ಬರೆದುಕೊಂಡರು. "ಪ್ರಜ್ಞೆ ಇನ್ನೂ ಬಂದಿಲ್ಲ. ಮಲಗಿಸಿರಿ."

ಕೌಸಲ್ಯ ಏಳಲಿಲ್ಲ. ಆರಾಯಿತು, ಆರೂವರೆಯಾಯಿತು. ಸಿಸ್ಟರ್ ಎರಡು ಸಲ ಬಂದು ಗಲ್ಲ ತಟ್ಟಿ ಹೆಸರು ಕೇಳಿ, ಮುಂದಿನ ಚಾಪೆಗೆ ಹೋದರು. ಐದು ಸಲ ಹೊಯ್ದಾಡಿದ ತಲೆಯೊಳಗೆ ಏನು ಉಳಿದಿದೆಯೋ, ಮಕ್ಕಳ ಗುರುತಾದರೂ ಸಿಕ್ಕೀತೋ ಇಲ್ಲವೋ ಎಂದು ನಾನು ಅವಳ ಬೆರಳುಗಳನ್ನು ಒಂದೊಂದಾಗಿ ನೀವುತ್ತ ಕೂತೆ. ಹೆಬ್ಬೆರಳು ಸುಮ್ಮನಿತ್ತು. ಸಿಸ್ಟರ್ ಮೂರನೆಯ ಸಲ ಬಂದು ಬಗ್ಗಿದರು.

"ಹೆಸರೇನಮ್ಮ?"

ತುಟಿ ಅಲುಗಿತು. ನಾಲಿಗೆ ಕಚ್ಚಿಕೊಂಡು ದಪ್ಪವಾಗಿತ್ತು. "ಕೌಸಲ್ಯ."

"ಎಲ್ಲಿದೀಯ?"

"ಇಲ್ಲೇ."

"ಇವತ್ತು ಯಾವ ವಾರ?"

ಅವಳ ಕಾಲ ದೆಸೆಯಲ್ಲಿ ಅಧ್ಯಕ್ಷರು ಕೂಡ ಕತ್ತೆತ್ತಿ ಕೇಳಿಸಿಕೊಳ್ಳುತ್ತಿದ್ದರು. "ಭಾನುವಾರ," ಎಂದಳು ಕೌಸಲ್ಯ. ಆಮೇಲೆ ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು. "ಅಕ್ಕ, ಬಟ್ಟೆ ನೆನೆಹಾಕಿ ಬಂದಿದ್ದೆ. ಯಾರಾದ್ರೂ ಒಗೆದ್ರಾ?"

"ಇಲ್ಲ," ಎಂದೆ. "ಯಾರೂ ಒಗೆದಿಲ್ಲ."

"ನೆನೀಲಿ ಬಿಡು," ಎಂದು ಅವಳು ಮಗ್ಗುಲು ತಿರುಗಿ ನಿದ್ದೆ ಹೋದಳು.